ಊರು ಬದಲಿಸುವ ಮುನ್ನ: ಹಾಸನ, ಚಿಕ್ಕಮಗಳೂರು ಕಡೆ ಬರುವವರು ತೂಗಿ ನೋಡಬೇಕಾದದ್ದು

ಬೆಂಗಳೂರು ಬಿಟ್ಟು ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಿ ನೆಲೆಸೋಣ ಎಂಬ ಮಾತು ಮನೆಯಲ್ಲಿ ಎದ್ದ ಕೂಡಲೇ ಒಂದು ಪಟ್ಟಿ ತಯಾರಾಗುತ್ತದೆ. ಹವೆ ತಂಪು, ಬಾಡಿಗೆ ಕಡಿಮೆ, ಟ್ರಾಫಿಕ್ ಕಾಟ ಇಲ್ಲ. ಇನ್ನೊಂದು ಕಡೆ ದೊಡ್ಡ ಆಸ್ಪತ್ರೆ ದೂರ, ಇರುವ ಕೆಲಸ ಹೋದರೆ ಇನ್ನೊಂದು ಸಿಗುವುದು ಕಷ್ಟ, ಮಕ್ಕಳ ಕೋಚಿಂಗಿಗೆ ಏನು ಮಾಡುವುದು ಎಂಬ ಚಿಂತೆ. ಎರಡೂ ನಿಜ. ಆದರೆ ಇಷ್ಟನ್ನೇ ಇಟ್ಟುಕೊಂಡು ತೀರ್ಮಾನಕ್ಕೆ ಬರಲಾಗದು. ಲಾಭ ನಷ್ಟ ನಿಂತಿರುವುದು ಊರಿನ ಹೆಸರಿನ ಮೇಲಲ್ಲ. ಮನೆ ಆ ಊರಿನ ಯಾವ ಭಾಗದಲ್ಲಿದೆ, ಕೆಳಗಿನ ನೆಲ ಎಂಥದ್ದು, ನೀರು ಎಲ್ಲಿಂದ ಬರುತ್ತದೆ, ರಾತ್ರಿ ಹತ್ತು ಗಂಟೆಗೆ ಆಟೋ ಸಿಗುತ್ತದೆಯೇ ಎಂಬುದರ ಮೇಲೆ. ಹಾಸನದ ಕುವೆಂಪುನಗರದಲ್ಲಿ ಸುಖವಾಗಿರುವ ಕುಟುಂಬವನ್ನೇ ಆರು ಕಿಲೋಮೀಟರ್ ಆಚೆ, ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಲೇಔಟಿನಲ್ಲಿ ಇಟ್ಟರೆ ಎರಡನೇ ಮಳೆಗಾಲಕ್ಕೆ ಬೆಂಗಳೂರಿಗೆ ಲಾರಿ ಹುಡುಕಲು ಶುರುಮಾಡುತ್ತದೆ.

ಆದ್ದರಿಂದ ನಮ್ಮ ಮೊದಲ ಸಲಹೆ ಇದು: ಬಂದ ತಕ್ಷಣ ಸೈಟು, ಮನೆ ಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಪೂರ್ತಿ ಮುಂಗಾರನ್ನು ಬಾಡಿಗೆ ಮನೆಯಲ್ಲಿ ಕಳೆಯಿರಿ. ಮಾರ್ಚ್ ತಿಂಗಳಲ್ಲಿ ಈ ಎರಡೂ ಜಿಲ್ಲೆಗಳ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ.

ಕೆಲಸದ ಲೆಕ್ಕ ಮೊದಲು

ಬೆಂಗಳೂರಿನಿಂದ ಹಾಸನ ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರು ಸುಮಾರು 245. ನಕ್ಷೆ ಹಾಸನಕ್ಕೆ ಮೂರೂವರೆ ಗಂಟೆ ತೋರಿಸಿದರೂ ನೆಲಮಂಗಲದಿಂದ ಒಳಗೆ ಹೋಗುವ ಹೊತ್ತನ್ನು ಅದಕ್ಕೆ ಸೇರಿಸಲೇಬೇಕು. ಸೋಮವಾರ ಬೆಳಿಗ್ಗೆ ಗೊರಗುಂಟೆಪಾಳ್ಯ ದಾಟುವುದೇ ಒಂದು ಪ್ರಯಾಣ.

ಕಾರಿನ ಖರ್ಚನ್ನು ಹೀಗೆ ಹಾಕಿ. ಹೋಗಿ ಬರಲು 370 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 25 ಲೀಟರ್ ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ಹಿಡಿದರೂ 2,500, ಟೋಲ್ ಬೇರೆ. ವಾರಕ್ಕೆ ಎರಡು ಸಲವಾದರೆ ತಿಂಗಳಿಗೆ ಎಂಟು ಓಡಾಟ: 20,000 ರೂಪಾಯಿ, ಜೊತೆಗೆ ರಸ್ತೆಯ ಮೇಲೆ 64 ಗಂಟೆ. ಬಾಡಿಗೆಯಲ್ಲಿ ಉಳಿದದ್ದೆಲ್ಲ ಇಲ್ಲಿಗೇ ಹೋಯಿತು.

ಬಸ್ಸು, ರೈಲು ಹಿಡಿದರೆ ಲೆಕ್ಕ ಬದಲಾಗುತ್ತದೆ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ರೈಲುಮಾರ್ಗ 2017ರಲ್ಲಿ ಶುರುವಾದ ಮೇಲೆ ಹಾಸನದವರಿಗೆ ಬಹಳ ಅನುಕೂಲವಾಗಿದೆ. ಚಿಕ್ಕಮಗಳೂರಿಗೆ 2013ರಲ್ಲಿ ಕಡೂರಿನಿಂದ ರೈಲು ಬಂತಾದರೂ ಗಾಡಿಗಳು ಕಡಿಮೆ. ಹಾಗಾಗಿ ಅಲ್ಲಿನವರು 40 ಕಿಲೋಮೀಟರ್ ದೂರದ ಕಡೂರಿಗೋ ಬೀರೂರಿಗೋ ಹೋಗಿ ಹುಬ್ಬಳ್ಳಿ ಮಾರ್ಗದ ರೈಲು ಹಿಡಿಯುವುದೇ ಹೆಚ್ಚು.

ನಮ್ಮ ಅಭಿಪ್ರಾಯ ನೇರವಾಗಿಯೇ ಇದೆ. ಆಫೀಸಿಗೆ ತಿಂಗಳಿಗೆ ಒಂದೆರಡು ಸಲ ಹೋದರೆ ಸಾಕು ಎನ್ನುವವರು ಯಾವ ಊರನ್ನಾದರೂ ಆರಿಸಿಕೊಳ್ಳಿ. ವಾರಕ್ಕೊಮ್ಮೆ ಹೋಗಬೇಕಾದರೆ ಹಾಸನ ಅಥವಾ ಇನ್ನೂ ಈಚೆಗಿರುವ ಚನ್ನರಾಯಪಟ್ಟಣ ನೋಡಿ. ವಾರಕ್ಕೆ ಮೂರು ದಿನ ಹಾಜರಿ ಕಡ್ಡಾಯವಿದ್ದರೆ ಬರಬೇಡಿ, ಒಂದು ವರ್ಷದೊಳಗೆ ದೇಹ ಸೋಲುತ್ತದೆ. ಮನೆಯಿಂದ ಕೆಲಸ ಮಾಡಲು ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಎಚ್‌ಆರ್‌ನಿಂದ ಇಮೇಲ್ ಬರಲಿ. ಊರು ಬದಲಿಸಿದರೆ ಸಂಬಳ ಬದಲಾಗುತ್ತದೆಯೇ ಎಂದೂ ಅದರಲ್ಲೇ ಕೇಳಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಎರಡನೆಯವರ ಕೆಲಸದ ಬಗ್ಗೆಯೂ ಇಷ್ಟೇ ಗಟ್ಟಿಯಾದ ಉತ್ತರ ಬೇಕು. ಇಲ್ಲಿ ಕೆಲಸ ಇರುವುದು ಮುಖ್ಯವಾಗಿ ಕಾಲೇಜು, ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿ, ಜವಳಿ ಕಾರ್ಖಾನೆ, ಕಾಫಿ ಮತ್ತು ಪ್ರವಾಸೋದ್ಯಮದಲ್ಲಿ. ಐಟಿ ಕೆಲಸ ಸ್ಥಳೀಯವಾಗಿ ಸಿಗುತ್ತದೆ ಎಂದು ನಂಬಿ ಬರಬೇಡಿ.

ಯಾವ ಊರು

ಹಾಸನ ಅರೆಮಲೆನಾಡು. ಮಲೆನಾಡಿನ ತಂಪಿದೆ, ಅಲ್ಲಿನ ಜಡಿಮಳೆ ಇಲ್ಲ. ವೈದ್ಯಕೀಯ ಕಾಲೇಜು, 1960ರಿಂದ ಇರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಮಂಗಳೂರು, ಮೈಸೂರು, ಅರಸೀಕೆರೆ, ಬೆಂಗಳೂರು ನಾಲ್ಕೂ ಕಡೆಗೆ ರೈಲು. ನಿತ್ಯ ಜೀವನಕ್ಕೆ ಬೇಕಾದದ್ದೆಲ್ಲ ಇರುವ ಊರು. ಮಕ್ಕಳು, ವಯಸ್ಸಾದ ತಂದೆತಾಯಿ ಜೊತೆಗಿರುವವರಿಗೆ ನಾವು ಹೇಳುವುದು ಇದನ್ನೇ.

ಚಿಕ್ಕಮಗಳೂರು ಇನ್ನೂ ಎತ್ತರದಲ್ಲಿದೆ, ಇನ್ನೂ ಚಂದ. ಆದರೆ ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಊರು ಪ್ರವಾಸಿಗರದ್ದು. ಎಂ.ಜಿ. ರಸ್ತೆ, ಐ.ಜಿ. ರಸ್ತೆಗಳಲ್ಲಿ ವಾರಾಂತ್ಯದ ಕೆಲಸ ಇಟ್ಟುಕೊಳ್ಳದಿರುವುದನ್ನು ಊರಿನವರು ರೂಢಿ ಮಾಡಿಕೊಂಡಿದ್ದಾರೆ. ಹೋಮ್‌ಸ್ಟೇಗಳ ಬೇಡಿಕೆಯಿಂದ ಕೆಲವು ಬಡಾವಣೆಗಳಲ್ಲಿ ಬಾಡಿಗೆ ಹಾಸನಕ್ಕಿಂತ ಹೆಚ್ಚಾಗಿಯೂ ಇರಬಹುದು. ಕಡಿಮೆ ಖರ್ಚಿನ ಊರು ಎಂದುಕೊಂಡು ಬಂದವರಿಗೆ ಇದು ಕೈ ಕಚ್ಚುತ್ತದೆ.

ಆಲೂರು ಹಾಸನಕ್ಕೆ ಹದಿಮೂರು ಕಿಲೋಮೀಟರ್. ಬೇಲೂರು, ಸಕಲೇಶಪುರ, ಚನ್ನರಾಯಪಟ್ಟಣ ಮೂರೂ ನಲವತ್ತರ ಒಳಗೆ. ಬಾಡಿಗೆ ಇನ್ನೂ ಇಳಿಯುತ್ತದೆ, ಆದರೆ ತಜ್ಞ ವೈದ್ಯರಿಗೆ, ಒಳ್ಳೆಯ ಲ್ಯಾಬಿಗೆ, ದೊಡ್ಡ ಅಂಗಡಿಗೆ ಹಾಸನಕ್ಕೇ ಬರಬೇಕು. ಮಳೆಯ ವ್ಯತ್ಯಾಸವನ್ನು ಮರೆಯಬೇಡಿ. ಸಕಲೇಶಪುರದಲ್ಲಿ ಬಟ್ಟೆ ಒಣಗದ ವಾರದಲ್ಲಿ ಅರಸೀಕೆರೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಒಂದೇ ಜಿಲ್ಲೆ, ಎರಡು ಸೀಮೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೂಡಿಗೆರೆಗೂ ಕಡೂರಿಗೂ ಇದೇ ಅಂತರ.

ಊರೊಳಗೋ, ಅಂಚಿಗೋ

ಸಣ್ಣ ಊರಿನ ನಿಜವಾದ ಲಾಭ ಎಂದರೆ ಸಮಯ. ಶಾಲೆ ಹತ್ತು ನಿಮಿಷ, ಬ್ಯಾಂಕು ಹತ್ತು ನಿಮಿಷ, ತರಕಾರಿ ಐದು ನಿಮಿಷ. ಈ ಲಾಭ ಸಿಗುವುದು ಊರೊಳಗಿನವರಿಗೆ ಮಾತ್ರ. ಹಾಸನದಲ್ಲಿ ವಿದ್ಯಾನಗರ, ಕೆ.ಆರ್. ಪುರಂ, ಕುವೆಂಪುನಗರ, ಸಾಲಗಾಮೆ ರಸ್ತೆಯ ಊರ ಕಡೆಯ ಭಾಗ. ಚಿಕ್ಕಮಗಳೂರಿನಲ್ಲಿ ಬಸವನಹಳ್ಳಿ, ವಿಜಯಪುರ, ಜ್ಯೋತಿನಗರದಂಥ ಹಳೆಯ ಬಡಾವಣೆಗಳು. ಇಲ್ಲಿ ಒಂದು ಸ್ಕೂಟರಿನಲ್ಲಿ ಸಂಸಾರ ನಡೆಯುತ್ತದೆ.

ಅಂಚಿನ ಲೇಔಟಿನಲ್ಲಿ ಮನೆ ದೊಡ್ಡದು, ಗಾಳಿ ಬೆಳಕು ಧಾರಾಳ, ಬೆಲೆ ಕಡಿಮೆ. ಆದರೆ ಎರಡು ವಾಹನ ಬೇಕು. ಸಿಟಿ ಬಸ್ಸು ಸಂಜೆಯ ಮೇಲೆ ವಿರಳ. ಅಕ್ಕಪಕ್ಕದ ಸೈಟುಗಳು ಹತ್ತು ವರ್ಷ ಖಾಲಿ ಇರಬಹುದು. ಅಲ್ಲಿ ಬೆಳೆದ ಲಂಟಾನದಲ್ಲಿ ಹಾವು ಇರುತ್ತದೆ, ಅದನ್ನು ಕಡಿಸುವವರು ಯಾರೂ ಇರುವುದಿಲ್ಲ. ಬೀದಿದೀಪ, ರಸ್ತೆ, ಕಸದ ಗಾಡಿ ಯಾರ ಜವಾಬ್ದಾರಿ ಎಂದು ಕೇಳಿ ನೋಡಿ. ಬಡಾವಣೆ ಇನ್ನೂ ನಗರದ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿಲ್ಲದಿದ್ದರೆ ಲೇಔಟ್ ಮಾಡಿದವರು ಆ ಸಂಸ್ಥೆಯ ಕಡೆ, ಸಂಸ್ಥೆಯವರು ಪಂಚಾಯಿತಿಯ ಕಡೆ ಕೈ ತೋರಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು: ಶೌಚಾಲಯದ ಪಿಟ್. ಯುಜಿಡಿ (ಊರಿನ ಒಳಚರಂಡಿ) ಸಂಪರ್ಕ ಇಲ್ಲದ ಕಡೆ ಮನೆಮನೆಗೂ ಇಂಗುಗುಂಡಿ ಇರುತ್ತದೆ. ಜಾಗ ಮೊದಲು ಗದ್ದೆಯಾಗಿದ್ದರೆ ಜುಲೈನಲ್ಲಿ ಅಂತರ್ಜಲ ಗುಂಡಿಯ ಮಟ್ಟಕ್ಕೇ ಏರುತ್ತದೆ. ಆಗ ನೀರು ಇಂಗುವುದಿಲ್ಲ, ಕಮೋಡಿನಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ, ಕೊನೆಗೆ ಹಿಂದಕ್ಕೇ ಬರುತ್ತದೆ. ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿದರೆ ಸುತ್ತಲಿನ ನೀರು ಒಸರಿ ಒಂದು ವಾರದಲ್ಲಿ ಮತ್ತೆ ತುಂಬುತ್ತದೆ. ಗುಂಡಿಯನ್ನು ಎಷ್ಟು ಆಳ ಮಾಡಿಸಿದರೂ ಇದಕ್ಕೆ ಪರಿಹಾರವಿಲ್ಲ, ಏಕೆಂದರೆ ತುಂಬುತ್ತಿರುವುದು ಹೊರಗಿನ ನೀರು.

ಇದನ್ನು ಮೊದಲೇ ಪತ್ತೆ ಹಚ್ಚುವುದು ಸುಲಭ. ಸೈಟಿನ ಹಳೆಯ ಸರ್ವೆ ನಂಬರ್ ಕೇಳಿ, ಪರಿವರ್ತನೆಗೆ ಮುಂಚಿನ ಪಹಣಿ ತೆಗೆಸಿ. ಜಮೀನಿನ ವರ್ಗದ ಜಾಗದಲ್ಲಿ 'ತರಿ' ಎಂದಿದ್ದರೆ ಅದು ಗದ್ದೆ. 'ಖುಷ್ಕಿ' ಎಂದಿದ್ದರೆ ಹೊಲ. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಜಾಗದ ಮೇಲೆ ನಿಂತು ನೋಡಿದರೆ ಪಕ್ಕದಲ್ಲಿ ಕೆರೆ, ಹಳ್ಳ, ಖರಾಬು ಇದೆಯೇ ಎಂಬುದೂ ತಿಳಿಯುತ್ತದೆ. ಕೆರೆ ಏರಿಯ ಕೆಳಗಿನ ಲೇಔಟ್ ಆದರೆ ಬಹುತೇಕ ಅದು ಹಿಂದಿನ ಅಚ್ಚುಕಟ್ಟು. ಅಂಥ ಕಡೆ ಯುಜಿಡಿ ಇದ್ದರೆ ಮಾತ್ರ ಮುಂದುವರಿಯಿರಿ.

ಮಳೆ ಹೇಗೆ ಹೊಡೆಯುತ್ತದೆಂದು ತಿಳಿದು ಮನೆ ನೋಡಿ

ಮುಂಗಾರು ಮಳೆ ಪಶ್ಚಿಮ, ನೈಋತ್ಯದಿಂದ ಗಾಳಿಯೊಂದಿಗೆ ಅಡ್ಡಡ್ಡವಾಗಿ ಹೊಡೆಯುತ್ತದೆ. ಮನೆ ನೋಡಲು ಹೋದಾಗ ಹಾಲ್‌ನ ಟೈಲ್ಸ್ ನೋಡುವ ಮೊದಲು ಪಶ್ಚಿಮದ ಗೋಡೆಯ ಒಳಬದಿಯನ್ನು ಕೈಯಿಂದ ಮುಟ್ಟಿ ನೋಡಿ. ನೆಲದಿಂದ ಎರಡು ಮೂರು ಅಡಿವರೆಗೆ ಬಣ್ಣ ಉಬ್ಬಿದ್ದರೆ, ಬಿಳಿ ಉಪ್ಪಿನಂಥ ಪುಡಿ ಉದುರುತ್ತಿದ್ದರೆ ನೆಲದಿಂದ ತೇವ ಏರುತ್ತಿದೆ ಎಂದರ್ಥ. ಕಿಟಕಿಯ ಕೆಳಗಿನ ಮೂಲೆಗಳಲ್ಲಿ ಕಲೆ ಇದ್ದರೆ ಸಜ್ಜಾ ಸಾಲದು. ಎರಡು ಅಡಿಯಾದರೂ ಹೊರಚಾಚಿರಬೇಕು. ಒಂದೇ ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರೆ ಕಾರಣ ಕೇಳಿ. ವಾರ್ಡ್‌ರೋಬಿನ ಬಾಗಿಲು ತೆಗೆದು ಮೂಸಿ ನೋಡಿ. ಬೂಷ್ಟಿನ ವಾಸನೆಯನ್ನು ಬಣ್ಣ ಮುಚ್ಚುವುದಿಲ್ಲ.

ಆಮೇಲೆ ತಾರಸಿ. ಎರಡು ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ನೋಡಿ. ಕಾಲು ಗಂಟೆಯ ನಂತರವೂ ಒಂದೇ ಕಡೆ ನಿಂತಿದ್ದರೆ ಅದರ ಕೆಳಗಿನ ಕೋಣೆಯ ಸೀಲಿಂಗನ್ನು ಗಮನವಿಟ್ಟು ನೋಡಬೇಕು. ನೀರು ಇಳಿಯುವ ಪೈಪು ನಾಲ್ಕು ಇಂಚಿನದ್ದಿರಲಿ. ಎರಡು ಇಂಚಿನ ಪೈಪಿನ ಬಾಯಿಗೆ ನಾಲ್ಕು ಒಣಗಿದೆಲೆ ಸಾಕು, ತಾರಸಿ ತೊಟ್ಟಿಯಾಗುತ್ತದೆ. ಸೋಲಾರ್ ವಾಟರ್ ಹೀಟರ್ ಇದೆ ಎಂದು ಮನೆ ಮಾಲೀಕರು ಹೇಳಿದರೆ ಜೊತೆಗೆ ಗೀಸರ್ ಅಥವಾ ಹಂಡೆ ಒಲೆ ಇದೆಯೇ ಕೇಳಿ. ಜುಲೈ, ಆಗಸ್ಟಿನಲ್ಲಿ ಸೋಲಾರ್ ಕೈ ಕೊಡುತ್ತದೆ. ಬಟ್ಟೆ ಒಣಗಿಸಲು ಮೇಲೆ ಶೀಟು ಹಾಕಿದ ಜಾಗ ಇರುವುದು ಇಲ್ಲಿ ಆಡಂಬರವಲ್ಲ, ಅಗತ್ಯ.

ನೀರು

ಹಾಸನಕ್ಕೆ ಹೇಮಾವತಿ, ಚಿಕ್ಕಮಗಳೂರಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆ. ಎರಡೂ ಕಡೆ ನದಿ ಹತ್ತಿರ ಇದ್ದರೂ ನಲ್ಲಿಯಲ್ಲಿ ದಿನಾ ನೀರು ಬರುತ್ತದೆ ಎಂದುಕೊಳ್ಳಬೇಡಿ. ಪಕ್ಕದ ಮನೆಯ ಹೆಂಗಸರನ್ನು ಕೇಳಿ: "ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಮ್ಮಾ? ಬೇಸಿಗೆಯಲ್ಲಿ ಎಷ್ಟು ಹೊತ್ತು ಬಿಡ್ತಾರೆ?" ಮಾಲೀಕರ ಉತ್ತರಕ್ಕಿಂತ ಆ ಉತ್ತರವನ್ನು ನಂಬಬಹುದು.

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ಕು ಜನಕ್ಕೆ 540. ಮೂರು ದಿನಕ್ಕೊಮ್ಮೆ ನೀರು ಬರುವ ಕಡೆ 1,620 ಲೀಟರ್ ಬೇಕು. ಪೈಪು ಒಡೆದೋ ಪಂಪು ಕೆಟ್ಟೋ ಎರಡು ದಿನ ತಪ್ಪಿದರೆ 2,700. ಹಾಗಾಗಿ ಮೂರು ಸಾವಿರ ಲೀಟರಿಗಿಂತ ಚಿಕ್ಕ ಸಂಪು ಸಾಲದು. ಟೇಪು ಹಿಡಿದು ಅಳೆಯಿರಿ: 6 ಅಡಿ ಉದ್ದ, 5 ಅಡಿ ಅಗಲ, ನೀರು ನಿಲ್ಲುವ ಆಳ 4 ಅಡಿ ಎಂದರೆ 120 ಘನ ಅಡಿ, ಘನ ಅಡಿಗೆ 28.3 ಲೀಟರಿನಂತೆ ಸುಮಾರು 3,400 ಲೀಟರ್. ಸಂಪು ಎಷ್ಟೇ ದೊಡ್ಡದಿದ್ದರೂ ಬಾಡಿಗೆಯ ಎರಡು ಮೂರು ಮನೆಗಳಿಗೆ ಅದೊಂದೇ ಆಗಿದ್ದರೆ ಲೆಕ್ಕ ಮತ್ತೆ ಶುರು.

ಬೋರ್‌ವೆಲ್ ನೀರೇ ಆಧಾರವಾದರೆ ಪರೀಕ್ಷೆ ಮಾಡಿಸದೆ ಬರಬೇಡಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2,000ದವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ಅರಸೀಕೆರೆ, ಕಡೂರಿನಂಥ ಒಣ ಸೀಮೆಯಲ್ಲಿ ಫ್ಲೋರೈಡ್ ಪರೀಕ್ಷೆಯೂ ಬೇಕು, 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಮೊದಲು ಪೆಟ್ಟು. ಬೋರ್‌ವೆಲ್‌ಗೂ ಪಿಟ್‌ಗೂ ಕನಿಷ್ಠ 15 ಮೀಟರ್ ಅಂತರವಿರಲಿ. 30–40ರ ಸೈಟಿನ ಉದ್ದವೇ 12 ಮೀಟರ್ ಎಂಬುದು ನೆನಪಿರಲಿ. ನಿಮ್ಮ ಪಿಟ್ ದೂರವಿದ್ದರೂ ಪಕ್ಕದವರದು ಹತ್ತಿರವಿರಬಹುದು.

ಕರೆಂಟು, ಇಂಟರ್ನೆಟ್ಟು

ಹಾಸನ ಜಿಲ್ಲೆ ಚೆಸ್ಕಾಂ ವ್ಯಾಪ್ತಿ, ಚಿಕ್ಕಮಗಳೂರು ಮೆಸ್ಕಾಂ. ದೂರಿಗೆ ಎರಡಕ್ಕೂ 1912. ಮಲೆನಾಡಿನ ಕಡೆ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟು ಬರಲು ಗಂಟೆಗಳಲ್ಲ, ಕೆಲವೊಮ್ಮೆ ದಿನಗಳೇ ಬೇಕು. ಪೇಟೆಯ ಫೀಡರಿನಲ್ಲಿರುವ, ಅಂದರೆ ಪೇಟೆಗೆಂದೇ ಎಳೆದ ಲೈನಿನಲ್ಲಿರುವ ಮನೆಗೆ ಈ ಬಾಧೆ ಕಡಿಮೆ. ಏರಿಯಾದ ಲೈನ್‌ಮ್ಯಾನ್ ಬಳಿ "ಇದು ಟೌನ್ ಫೀಡರ್ರೋ ಹಳ್ಳಿ ಫೀಡರ್ರೋ" ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಸಿಗುತ್ತದೆ.

ಮನೆಯಿಂದ ಕೆಲಸ ಮಾಡುವವರ ಇನ್ವರ್ಟರ್ ಲೆಕ್ಕ ಹೀಗೆ. ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ರೌಟರ್ ಮತ್ತು ಫೈಬರ್ ಡಬ್ಬಿ 15, ಎರಡು ಎಲ್‌ಇಡಿ 20, ಹಳೆಯ ಫ್ಯಾನು 70. ಒಟ್ಟು 190 ವ್ಯಾಟ್. 12 ವೋಲ್ಟಿನ 150 ಎಎಚ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್ ಅವರ್. ಪೂರ್ತಿ ಇಳಿಸಬಾರದು, ಇನ್ವರ್ಟರ್ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 1,150ರ ಆಸುಪಾಸು, ಅಂದರೆ ಆರು ಗಂಟೆ. ಬ್ಯಾಟರಿ ಮೂರನೇ ವರ್ಷಕ್ಕೆ ಬಂದಾಗ ಮೂರು ನಾಲ್ಕು ಗಂಟೆ ಎಂದೇ ಹಿಡಿಯಿರಿ.

ಇಷ್ಟಾದರೂ ನೆಟ್ ಹೋಗುವುದುಂಟು. ಫೈಬರ್ ನಿಮ್ಮ ಮನೆಗೆ ಬರುವ ಮುಂಚೆ ಸ್ಥಳೀಯ ಆಪರೇಟರ್‌ನ ಒಂದು ಪೆಟ್ಟಿಗೆಯ ಮೂಲಕ ಬರುತ್ತದೆ. ಆ ಪೆಟ್ಟಿಗೆಗೆ ಬ್ಯಾಟರಿ ಬ್ಯಾಕಪ್ ಇಲ್ಲದಿದ್ದರೆ ನಿಮ್ಮ ಇನ್ವರ್ಟರ್ ಉರಿಯುತ್ತಿದ್ದರೂ ನೆಟ್ ಸತ್ತಿರುತ್ತದೆ. ಕನೆಕ್ಷನ್ ಹಾಕಿಸುವ ಮುಂಚೆ ಆಪರೇಟರ್‌ಗೆ ಇದನ್ನೇ ಕೇಳಿ. ಎರಡನೇ ದಾರಿಯಾಗಿ ಬೇರೆ ಕಂಪನಿಯ ಸಿಮ್ ಇರಲಿ. ಅದರ ಸಿಗ್ನಲ್ಲನ್ನು ರಸ್ತೆಯಲ್ಲಿ ನೋಡಿದರೆ ಸಾಲದು, ನೀವು ಕೂತು ಕೆಲಸ ಮಾಡುವ ಕೋಣೆಯಲ್ಲಿ, ಸಂಜೆ ಎಂಟು ಗಂಟೆಗೆ, ಅಪ್‌ಲೋಡ್ ವೇಗ ನೋಡಿ. ವಿಡಿಯೋ ಮೀಟಿಂಗ್ ಕೆಡುವುದು ಹೆಚ್ಚಾಗಿ ಅಪ್‌ಲೋಡ್ ಸಾಲದೆ.

ಆಸ್ಪತ್ರೆ

ಇಲ್ಲಿ ಭಾವನೆಗೆ ಜಾಗವಿಲ್ಲ, ಗಡಿಯಾರಕ್ಕೆ ಮಾತ್ರ. ಹೃದಯಾಘಾತದಲ್ಲಿ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗದು ಎಂದಾದರೆ ಮೊದಲು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು. ಪಾರ್ಶ್ವವಾಯುವಿನಲ್ಲಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ಹೀಗಾಗಿ "ಏನಾದರೂ ಆದರೆ ಬೆಂಗಳೂರಿಗೆ ಹೋದರಾಯಿತು" ಎಂಬ ಯೋಜನೆ ಅಪಾಯಕಾರಿ. ಮೊದಲ ಚಿಕಿತ್ಸೆ ಇಲ್ಲೇ ಆಗಬೇಕು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ ಈ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನೀವು ಬರುವ ತಾಲೂಕಿನ ಆಸ್ಪತ್ರೆಯಲ್ಲಿ ಅದು ನಡೆಯುತ್ತಿದೆಯೇ ಎಂದು ಹೋಗಿ ವಿಚಾರಿಸಿ.

ಹಾಸನದಲ್ಲಿ 2006ರಲ್ಲಿ ಶುರುವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ; ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜು ಅದಕ್ಕಿಂತ ಬಹಳ ಹೊಸದು. ಖಾಸಗಿ ಆಸ್ಪತ್ರೆಗಳಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಸಿಟಿ ಸ್ಕ್ಯಾನ್ ಮಾಡುವವರು ಇರುತ್ತಾರೆಯೇ, ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ಭಾನುವಾರವೂ ನಡೆಯುತ್ತದೆಯೇ, ಹೃದಯ ತಜ್ಞರು ಇದೇ ಊರಿನಲ್ಲಿ ವಾಸವೇ ಅಥವಾ ವಾರಕ್ಕೆರಡು ದಿನ ಬರುವವರೇ. ಮನೆಯಲ್ಲಿ ಡಯಾಲಿಸಿಸ್, ಕೀಮೋ ನಡೆಯುತ್ತಿರುವವರು ಇದ್ದರೆ ಸರದಿ ಖಚಿತವಾಗುವ ತನಕ ಮನೆಗೆ ಅಡ್ವಾನ್ಸ್ ಕೊಡಬೇಡಿ.

ಆರೋಗ್ಯ ವಿಮೆಯ ಬಗ್ಗೆ ಒಂದು ಮಾತು. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನ ವಿಳಾಸಕ್ಕೆ ಪ್ರೀಮಿಯಂ ಕಡಿಮೆ, ಆದರೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಿಮ್ಮ ತಲೆಗೇ ಬರುತ್ತದೆ. ದೊಡ್ಡ ಚಿಕಿತ್ಸೆಗೆ ನೀವು ಹೋಗುವುದು ಬೆಂಗಳೂರಿಗೋ ಮಂಗಳೂರಿಗೋ ತಾನೆ? ವಲಯ ಬದಲಾಯಿಸುವ ಮುಂಚೆ ಷರತ್ತು ಓದಿ.

ಮಕ್ಕಳ ಶಾಲೆ

ಏಳನೇ ತರಗತಿವರೆಗಿನ ಮಕ್ಕಳಿಗೆ ಎರಡೂ ಊರುಗಳು ಒಳ್ಳೆಯವೇ. ಫೀಸು ಕಡಿಮೆ, ಆಡಲು ಮೈದಾನ, ಮನೆಗೆ ಬೇಗ ಬರುತ್ತಾರೆ. ಒಂಬತ್ತು, ಹತ್ತರಲ್ಲಿರುವವರನ್ನು ಮಧ್ಯದಲ್ಲಿ ಕೀಳಬೇಡಿ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಬನ್ನಿ. ಪಿಯುಸಿಗೆ ಇಲ್ಲಿಂದ ಅನೇಕರು ಮೂಡುಬಿದಿರೆ, ಮಂಗಳೂರಿನ ಹಾಸ್ಟೆಲುಗಳಿಗೆ ಕಳಿಸುತ್ತಾರೆ. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ತನ್ನಿ. ರಾಜ್ಯದೊಳಗಿನ ವರ್ಗಾವಣೆಗೆ ಹಳೆಯ ಶಾಲೆಯ ಟಿಸಿ ಜೊತೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಸಂಖ್ಯೆ) ಕೇಳುತ್ತಾರೆ. ಫೀಸು ಬಾಕಿ ಎಂದು ಅದನ್ನು ತಡೆದರೆ ಇಲ್ಲಿನ ದಾಖಲಾತಿಗೆ ತೊಡಕಾಗಬಹುದು.

ತೂಗುವ ವಿಧಾನ

ಒಂದು ಹಾಳೆಯಲ್ಲಿ ಬೆಂಗಳೂರಿಗೊಂದು, ಹೊಸ ಊರಿಗೊಂದು ಎಂದು ಎರಡು ಕಾಲಂ ಎಳೆಯಿರಿ, ಹನ್ನೆರಡು ತಿಂಗಳ ಖರ್ಚು ಬರೆಯಿರಿ. ಕಡಿಮೆಯಾಗುವುದು ಬಾಡಿಗೆ, ಶಾಲೆ ಫೀಸು, ನಿತ್ಯದ ಓಡಾಟ, ಹೊರಗಿನ ಊಟ. ಕಡಿಮೆಯಾಗದೇ ಇರುವುದು ದಿನಸಿ, ಗ್ಯಾಸು, ಫೋನು, ಇಂಟರ್ನೆಟ್, ವಿಮೆ, ಸಾಲದ ಕಂತು. ಹೊಸದಾಗಿ ಸೇರುವುದು ಇನ್ವರ್ಟರ್, ಎರಡನೇ ವಾಹನ, ಬೆಂಗಳೂರಿನ ಓಡಾಟ, ಅಲ್ಲಿ ಉಳಿಯುವ ಖರ್ಚು. ಮೂರನ್ನೂ ಹಾಕಿದ ಮೇಲೆ ವರ್ಷಕ್ಕೆ ಉಳಿಯುವುದು ಎರಡು ತಿಂಗಳ ಸಂಬಳಕ್ಕಿಂತ ಕಡಿಮೆಯಾದರೆ ಹಣಕ್ಕಾಗಿ ಬರುವುದರಲ್ಲಿ ಅರ್ಥವಿಲ್ಲ. ಬೇರೆ ಕಾರಣ ಇದ್ದರೆ ಬನ್ನಿ.

ಆಮೇಲೆ ಮನೆಯ ಪ್ರತಿಯೊಬ್ಬರೂ ತಾವು ಬಿಟ್ಟುಕೊಡಲಾರದ ಒಂದು ಸಂಗತಿಯನ್ನು ಬೇರೆ ಬೇರೆಯಾಗಿ ಬರೆಯಲಿ. ಅಜ್ಜಿಗೆ ಹತ್ತಿರದ ದೇವಸ್ಥಾನ ಇರಬಹುದು, ಮಗಳಿಗೆ ಈಜುಕೊಳ ಇರಬಹುದು, ಸೊಸೆಗೆ ತನ್ನ ಕೆಲಸ ಇರಬಹುದು. ಹಣದ ಹಾಳೆ ಎಷ್ಟೇ ಚೆನ್ನಾಗಿದ್ದರೂ ಈ ಪಟ್ಟಿಯಲ್ಲಿ ಒಂದು ತಪ್ಪಿದರೆ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ಸಣ್ಣ ಊರಿನಲ್ಲಿ ನೆರೆಹೊರೆಯವರು ಹತ್ತಿರದವರಾಗುತ್ತಾರೆ. ಕಷ್ಟಕ್ಕೆ ಓಡಿ ಬರುತ್ತಾರೆ, ಹಾಗೆಯೇ ಯಾರು ಬಂದರು ಯಾರು ಹೋದರು ಎಂದು ವಿಚಾರಿಸುತ್ತಾರೆ. ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ.

ತೀರ್ಮಾನಕ್ಕೆ ಮುಂಚೆ ಮೂರು ಸಲ ಬಂದು ಉಳಿಯಿರಿ: ಏಪ್ರಿಲ್ ಕೊನೆಯಲ್ಲಿ ವಾರದ ನಡುವಿನ ಒಂದು ದಿನ, ಜುಲೈ ನಡುವಿನ ನಾಲ್ಕು ದಿನ, ಸಾಲು ರಜೆಯ ಒಂದು ವಾರಾಂತ್ಯ. ಹೋಟೆಲಿನಲ್ಲಲ್ಲ, ಸಾಧ್ಯವಾದರೆ ನೀವು ನೋಡುತ್ತಿರುವ ಬಡಾವಣೆಯಲ್ಲೇ ಯಾರ ಮನೆಯಲ್ಲಾದರೂ.

ಬಾಡಿಗೆ, ಭೋಗ್ಯ, ಖರೀದಿ

ಹನ್ನೊಂದು ತಿಂಗಳ ಕರಾರು ಸಾಕು. ಬಿಡುವ ಮುಂಚೆ ಒಂದು ತಿಂಗಳ ನೋಟಿಸ್ ಎಂದಿರಲಿ, ಮೂರು ತಿಂಗಳಿಗೆ ಒಪ್ಪಬೇಡಿ. ಭೋಗ್ಯಕ್ಕೆ ಹೋಗುವವರು ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಲೇಬೇಕು. ಸಾಲ ಕಟ್ಟದೆ ಬ್ಯಾಂಕು ಮನೆ ಹರಾಜಿಗೆ ಇಟ್ಟರೆ ನಿಮ್ಮ ಗಂಟು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕು; ಬರೀ ಛಾಪಾ ಕಾಗದ ಸಾಲದು.

ಕೊಳ್ಳುವ ಹೊತ್ತು ಬಂದಾಗ ಕಾಗದಗಳನ್ನು ಈ ಕ್ರಮದಲ್ಲಿ ನೋಡಿ. ಮೊದಲು ಭೂ ಪರಿವರ್ತನೆ ಆದೇಶ, ನಂತರ ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟ್ ಅನುಮೋದನೆ ಮತ್ತು ಸೈಟು ಬಿಡುಗಡೆ ಪತ್ರ, ಆಮೇಲೆ ಇ-ಖಾತೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಬ್ರೋಕರು 11ಬಿ ತೋರಿಸಿ "ಎಲ್ಲ ಒಂದೇ ಸಾರ್" ಎಂದರೆ ಒಂದಲ್ಲ. ಬ್ಯಾಂಕ್ ಸಾಲಕ್ಕೆ, ಪ್ಲಾನ್ ಮಂಜೂರಾತಿಗೆ ಅದು ಅಡ್ಡಿಯಾಗುತ್ತದೆ. ಕನಿಷ್ಠ 30 ವರ್ಷದ ಇ.ಸಿ. ತೆಗೆಸಿ. ಮೂಲ ಜಮೀನು ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನು ಹಳೆಯ ಪಹಣಿ, ಮ್ಯುಟೇಶನ್‌ನಲ್ಲಿ ಹುಡುಕಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಕ್ರಯ ಅನೂರ್ಜಿತವಾಗುತ್ತದೆ, ಮಧ್ಯದಲ್ಲಿ ಎಷ್ಟು ಕೈ ಬದಲಾಗಿದ್ದರೂ. ಕ್ರಯದ ಮೇಲೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2. ಒಟ್ಟು ಶೇ. 7.6ರ ಆಸುಪಾಸು ಕೈಯಲ್ಲಿರಲಿ.

ಕಾಫಿ ತೋಟದ ನಡುವೆ ಹತ್ತಿಪ್ಪತ್ತು ಗುಂಟೆ ಕೊಂಡು ಮನೆ ಕಟ್ಟುವ ಆಸೆ ಹಲವರಿಗೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಆದರೆ ಸರ್ವೆ ನಂಬರಿನ ಒಂದು ಭಾಗ ಕೊಳ್ಳಲು ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು, ದಾರಿ ಹಕ್ಕು ಕ್ರಯಪತ್ರದಲ್ಲಿ ಬರೆದಿರಬೇಕು. ತೋಟದ ಯಜಮಾನರು ಇವತ್ತು ಬಿಟ್ಟ ದಾರಿಗೆ ನಾಳೆ ಅವರ ಮಕ್ಕಳು ಗೇಟು ಹಾಕಬಹುದು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆ ದಿನನಿತ್ಯದ ಸಂಗತಿ. ಬೆಳಗಿನ ಜಾವ, ಸಂಜೆ ಕತ್ತಲಾದ ಮೇಲೆ ಓಡಾಟ ನಿಲ್ಲಿಸಬೇಕಾಗುತ್ತದೆ. ಮಕ್ಕಳ ಶಾಲಾ ವ್ಯಾನು ಆ ರಸ್ತೆಗೆ ಬರುತ್ತದೆಯೇ ಎಂದು ಮೊದಲು ಕೇಳಿ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಹೋಗುವವರು ಬೇಸಿಗೆಗೆ ಮುಂಚಿನಿಂದ ಮಳೆ ಬೀಳುವವರೆಗೆ ಮಂಗನ ಕಾಯಿಲೆಯ ಎಚ್ಚರಿಕೆಗಳನ್ನು ಗಮನಿಸಬೇಕು. ಕಾಡಿನ ಅಂಚಿನಲ್ಲಿ ಆ ರೋಗ ಹರಡುವ ಉಣ್ಣೆ ಕಚ್ಚದಂತೆ ನೋಡಿಕೊಳ್ಳಬೇಕು.

ಸಾಮಾನು ಸಾಗಿಸುವಾಗ

ಮೇ ಮೊದಲ ಎರಡು ವಾರ ಎಲ್ಲಕ್ಕಿಂತ ಒಳ್ಳೆಯದು: ಶಾಲೆ ಶುರುವಾಗಿರುವುದಿಲ್ಲ, ಮಂಚ ಹಾಸಿಗೆ ನೆನೆಯುವುದಿಲ್ಲ. ಹಾಸನಕ್ಕೆ ಬರುವವರು ದೀಪಾವಳಿಯ ಆಸುಪಾಸು ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನು ತಪ್ಪಿಸಿ; ಊರೊಳಗೆ ಲಾರಿ ನುಗ್ಗಿಸಲು ಆಗುವುದಿಲ್ಲ. ಚಿಕ್ಕಮಗಳೂರಿನವರು ಡಿಸೆಂಬರಿನ ದತ್ತ ಜಯಂತಿಯ ದಿನಗಳನ್ನು ಬಿಡಿ.

ಮರದ ಬೀರು, ಪುಸ್ತಕದ ಕಪಾಟನ್ನು ಪಶ್ಚಿಮದ ಗೋಡೆಗೆ ಒರಗಿಸಬೇಡಿ, ಎಲ್ಲೇ ಇಟ್ಟರೂ ಗೋಡೆಯಿಂದ ನಾಲ್ಕು ಬೆರಳು ಅಂತರವಿರಲಿ. ಗ್ಯಾಸ್ ಕನೆಕ್ಷನ್ ವರ್ಗಾವಣೆ ಪತ್ರವನ್ನು ಹಳೆಯ ಏಜೆನ್ಸಿಯಿಂದ ಹೊರಡುವ ಮೊದಲೇ ತನ್ನಿ. ಹಳೆಯ ಮನೆಯ ಗೃಹಜ್ಯೋತಿ ನೋಂದಣಿಯನ್ನು ಡಿ-ಲಿಂಕ್ ಮಾಡಿದ ಮೇಲಷ್ಟೇ ಹೊಸ ಮೀಟರಿನ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಲು ಬರುತ್ತದೆ. ಹಿಂದಿನ ಬಾಡಿಗೆದಾರರು ತಮ್ಮದನ್ನು ತೆಗೆಸಿಲ್ಲದಿದ್ದರೆ ಮಾಲೀಕರಿಗೆ ಹೇಳಿ ಅದನ್ನೂ ತೆಗೆಸಬೇಕು. ಮತದಾರರ ಪಟ್ಟಿಗೆ ನಮೂನೆ 8. ಗಾಡಿಯ ನಂಬರ್ ಕೆಎ 13ಕ್ಕೋ ಕೆಎ 18ಕ್ಕೋ ಬದಲಾಗಬೇಕಿಲ್ಲ, ಆರ್‌ಸಿಯಲ್ಲಿ ವಿಳಾಸ ಮಾತ್ರ 30 ದಿನದೊಳಗೆ ಬದಲಾಯಿಸಿ. ಬೆಂಗಳೂರಿನ ಬ್ಯಾಂಕ್ ಶಾಖೆಯ ಲಾಕರನ್ನು ಮೊದಲ ವರ್ಷ ಹಾಗೆಯೇ ಇಟ್ಟುಕೊಳ್ಳಿ, ಇಲ್ಲಿನ ಶಾಖೆಗಳಲ್ಲಿ ಲಾಕರಿಗೆ ಸರದಿ ಇರುತ್ತದೆ. ಬಂದ ವಾರವೇ ಅರ್ಜಿ ಕೊಟ್ಟು ಹೆಸರು ಬರೆಸಿ.